ಗುಲಾಬಿ ಯಾರ ಮೈಬಣ್ಣ?

ಮೇಡಂ,

ನಿಮ್ಮ ಪತ್ರ ಬಂದು ಎರಡು ವಾರವಾಯಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಆದರೆ ಉಳಿದ ಓದುಗರಿಗೂ ವಿಷಯ ಗೊತ್ತಾಗಬೇಕಲ್ಲ, ಅದಕ್ಕೆ ಚಿಕ್ಕದಾಗಿ ಹೇಳಿಬಿಡುತ್ತೇನೆ.

ನೀವು ಬ್ಯಾಲೆ ಶಾಲೆ ನಡೆಸುತ್ತೀರಿ. ಹುಡುಗಿಯರಿಗೆ ಕಪ್ಪು ಲಿಯೊಟಾರ್ಡ್ (ಈಜುಡುಗೆಯ ಹಾಗೆ ಮೈಗಂಟುವ ಉಡುಪು), ಗುಲಾಬಿ ಟೈಟ್ಸ್, ಗುಲಾಬಿ ಶೂ, ಬಿಗಿಯಾದ ತುರುಬು. ಹುಡುಗರಿಗೆ ಬಿಳಿ ಟೀ ಶರ್ಟ್, ಕಪ್ಪು ಟೈಟ್ಸ್. ಶಾಲೆ ಶುರುವಾದಾಗಿನಿಂದ ಇದೇ ನಿಯಮ. ಈ ವರ್ಷ ಒಬ್ಬ ಹುಡುಗಿ ತನ್ನ ಮೈಬಣ್ಣಕ್ಕೆ ಹೊಂದುವ ಕಂದು ಟೈಟ್ಸ್ ಹಾಕಿಕೊಂಡು ಬಂದಳು, ಅವಳನ್ನು ತರಗತಿಯ ಹೊರಗೆ ಕೂರಿಸಲಾಯಿತು. ಹದಿನಾಲ್ಕು ವರ್ಷದ ಇನ್ನೊಬ್ಬಳು ಲಿಯೊಟಾರ್ಡ್ ಮೇಲೆ ಶಾರ್ಟ್ಸ್ ಹಾಕಿಕೊಳ್ಳಲಾ ಎಂದು ಕೇಳಿದಳು. ಉದ್ದ ಕೂದಲಿನ ಹುಡುಗನೊಬ್ಬ ಹೊಸದಾಗಿ ಸೇರಿಕೊಂಡ. ನಿಯಮ ಬದಲಿಸೋಣ ಎಂದು ನೀವು ಹೊರಟರೆ, ನಿಮ್ಮ ಹಿರಿಯ ಶಿಕ್ಷಕಿ "ಇವತ್ತು ಟೈಟ್ಸ್ ಬಿಟ್ಟರೆ ನಾಳೆ ಶಿಸ್ತೂ ಹೋಗುತ್ತದೆ" ಎಂದರು. ಅದೇ ಹೊತ್ತಿಗೆ ನಮ್ಮ ಪತ್ರಿಕೆಯಲ್ಲಿ "ಗುಲಾಬಿ ಟೈಟ್ಸ್ ಕಾಲ ಮುಗಿಯಿತು" ಎಂದು ಎರಡು ಸಾಲು ಬಂದಿತ್ತು. "ಬರೆಯುವುದು ಸುಲಭ, ಒಂದು ತರಗತಿ ನಡೆಸಿ ನೋಡಿ" ಎಂದು ನಮ್ಮನ್ನು ಬೈದಿದ್ದೀರಿ.

ಬೈದದ್ದು ಸರಿಯೇ. ಎರಡು ಸಾಲಿನಲ್ಲಿ ಮುಗಿಸುವ ಮಾತಲ್ಲ ಅದು. ಆ ಸಾಲು ಬರೆದವನು ನಾನೇ. ಪುಟದ ಕೆಳಗೆ ಸ್ವಲ್ಪ ಜಾಗ ಉಳಿದಿತ್ತು, ಅಷ್ಟೇ.

ಯೂನಿಫಾರ್ಮೇ ಬೇಡ ಎನ್ನುವ ಪೋಷಕರೂ ಇದ್ದಾರೆ ಎಂದು ಬರೆದಿದ್ದೀರಿ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಬ್ಯಾಲೆ ಕಲಿಸುವವರು ಕಣ್ಣಿನಿಂದಲೇ ಕೆಲಸ ಮಾಡುತ್ತಾರೆ. ಟರ್ನ್‌ಔಟ್, ಅಂದರೆ ಕಾಲುಗಳನ್ನು ಹೊರಕ್ಕೆ ತಿರುಗಿಸುವುದು, ಸೊಂಟದ ಕೀಲಿನಿಂದ ಬರಬೇಕು. ಪಾದ ಪಕ್ಕಕ್ಕೆ ತಿರುಗಿದ್ದು ಮಂಡಿ ಮಾತ್ರ ಮುಂದಕ್ಕೇ ನೋಡುತ್ತಿದ್ದರೆ, ತಿರುಚಿನ ಭಾರವೆಲ್ಲ ಮಂಡಿಗೆ ಬೀಳುತ್ತದೆ. ದೊಗಳೆ ಪ್ಯಾಂಟಿನೊಳಗೆ ಇದು ಯಾರಿಗೆ ಕಾಣಬೇಕು? ಮಗು ವರ್ಷಗಟ್ಟಲೆ ತಪ್ಪಾಗಿ ನಿಂತು, ಒಂದು ದಿನ ಮಂಡಿ ನೋವು ಎಂದು ಅಳುತ್ತದೆ. ಹಾಗಾಗಿ ಮೈಗಂಟುವ ಬಟ್ಟೆ ಇರಲಿ. ಅದು ಅಂದಕ್ಕಲ್ಲ, ಕಲಿಸುವುದಕ್ಕೆ.

ಇಲ್ಲೇ ನಿಮ್ಮ ಪ್ರಶ್ನೆಗೂ ಒಂದು ದಾರಿ ಇದೆ ಅನಿಸುತ್ತದೆ. ಪ್ರತಿಯೊಂದು ನಿಯಮವನ್ನೂ ಎದುರಿಗಿಟ್ಟುಕೊಂಡು "ಇದರಿಂದ ಶಿಕ್ಷಕಿಗೆ ಏನು ಕಾಣುತ್ತದೆ, ಮಗುವಿಗೆ ಯಾವ ಪೆಟ್ಟು ತಪ್ಪುತ್ತದೆ?" ಎಂದು ಕೇಳಿ ನೋಡಿ. ಉತ್ತರ ಸಿಕ್ಕಿದ್ದು ಉಳಿಯಲಿ.

ಈಗ ಗುಲಾಬಿ. ಇದಕ್ಕೆ ಉತ್ತರ ಸಿಗುತ್ತದೆ, ಅದೇ ಸ್ವಾರಸ್ಯ. ಗುಲಾಬಿ ಟೈಟ್ಸ್, ಗುಲಾಬಿ ಶೂ ಬಂದದ್ದು ಯಾರಿಗೋ ಗುಲಾಬಿ ಇಷ್ಟ ಅಂತಲ್ಲ. ಯುರೋಪಿನ ಬಿಳಿಯ ನರ್ತಕಿಯರ ಮೈಬಣ್ಣಕ್ಕೆ ಅದು ಹತ್ತಿರ. ಸೊಂಟದಿಂದ ಹೆಬ್ಬೆರಳ ತುದಿಯವರೆಗೆ ಕಾಲು ಒಂದೇ ಗೆರೆಯಾಗಿ, ಎಲ್ಲೂ ತುಂಡಾಗದೆ ಕಾಣಬೇಕು ಎಂಬುದು ಅದರ ಉದ್ದೇಶ. ಅಂದರೆ ಹಳೆಯ ನಿಯಮ ಕೂಡ ಮೈಬಣ್ಣದ ನಿಯಮವೇ ಆಗಿತ್ತು, ಅಲ್ವಾ? ಕಪ್ಪು ಅಥವಾ ಕಂದು ಮೈಬಣ್ಣದ ಮಗುವಿಗೆ ಅದೇ ಗುಲಾಬಿ ಹಾಕಿಸಿದರೆ ತೋಳು ಒಂದು ಬಣ್ಣ, ಕಾಲು ಇನ್ನೊಂದು ಬಣ್ಣ. ಯಾವ ಗೆರೆಗಾಗಿ ನಿಯಮ ಮಾಡಿದರೋ ಆ ಗೆರೆಯೇ ಹೋಯಿತು. ಕಂದು ಟೈಟ್ಸ್ ಹಾಕಿಕೊಂಡು ಬಂದ ಹುಡುಗಿ ನಿಮ್ಮ ನಿಯಮ ಮುರಿದಿಲ್ಲ. ಅದರ ಅರ್ಥವನ್ನು ಉಳಿದವರಿಗಿಂತ ಚೆನ್ನಾಗಿ ಪಾಲಿಸಿದ್ದಾಳೆ.

ಇದು ಹೊಸ ಮಾತೇನಲ್ಲ. ನ್ಯೂಯಾರ್ಕ್ ಸಿಟಿ ಬ್ಯಾಲೆಯಲ್ಲಿ ಕುಣಿಯುತ್ತಿದ್ದ ಕಪ್ಪು ನರ್ತಕ ಆರ್ಥರ್ ಮಿಚೆಲ್, ಬ್ಯಾಲೆ ಶಿಕ್ಷಕ ಕಾರೆಲ್ ಶೂಕ್ ಜೊತೆ ಸೇರಿ 1969ರಲ್ಲಿ ಡಾನ್ಸ್ ಥಿಯೇಟರ್ ಆಫ್ ಹಾರ್ಲೆಮ್ ಎಂಬ ಬ್ಯಾಲೆ ತಂಡ ಕಟ್ಟಿದರು. 1970ರ ದಶಕದಲ್ಲೇ ಅಲ್ಲಿನ ನರ್ತಕಿಯರು ತಮ್ಮ ತಮ್ಮ ಮೈಬಣ್ಣದ ಟೈಟ್ಸ್, ಶೂ ಹಾಕತೊಡಗಿದರು. ಆದರೆ ಅಂಗಡಿಯಲ್ಲಿ ಆ ಬಣ್ಣದ ಶೂ ಸಿಗಬೇಕಲ್ಲ? ಹೊಸ ಪಾಯಿಂಟ್ ಶೂ (ಬೆರಳ ತುದಿಯ ಮೇಲೆ ನಿಂತು ಕುಣಿಯಲು ಹಾಕುವ ಶೂ) ತಂದು, ಮುಖಕ್ಕೆ ಹಚ್ಚುವ ಫೌಂಡೇಶನ್ನನ್ನು ಸ್ಪಂಜಿನಿಂದ ಅದಕ್ಕೆ ಹಚ್ಚಿ, ಒಣಗಿಸಿ, ರಿಬ್ಬನ್‌ಗೂ ಹಚ್ಚಬೇಕು. ದೊಡ್ಡ ಪಾತ್ರವಾದರೆ ಒಂದೇ ಪ್ರದರ್ಶನಕ್ಕೆ ಒಂದು ಜೊತೆ ಸವೆದುಹೋಗುವುದೂ ಉಂಟು. ಮತ್ತೆ ಹೊಸ ಜೊತೆ, ಮತ್ತೆ ಸ್ಪಂಜು. ಲಂಡನ್ನಿನ ಶೂ ಕಂಪನಿ ಫ್ರೀಡ್, ಕಪ್ಪು ಮತ್ತು ಏಷ್ಯಾ ಮೂಲದ ನರ್ತಕರ ಬ್ಯಾಲೆ ಬ್ಲ್ಯಾಕ್ ತಂಡದ ಜೊತೆ ಸೇರಿ ಕಂದು ಬಣ್ಣಗಳ ಪಾಯಿಂಟ್ ಶೂ ತಂದದ್ದು 2018ರಲ್ಲಿ. ಬಿಳಿ ಹುಡುಗಿ ಪೆಟ್ಟಿಗೆ ತೆರೆದು ಹಾಗೇ ಹಾಕಿಕೊಳ್ಳುತ್ತಿದ್ದ ಶೂಗಾಗಿ ಉಳಿದವರು ಅಷ್ಟು ವರ್ಷ ಕೈಯಾರೆ ದುಡಿದರು.

ನಿಯಮ ಬರೆಯುವಾಗ ಒಂದು ಎಚ್ಚರ. "ಗುಲಾಬಿ, ಇಲ್ಲವೇ ತನ್ನ ಮೈಬಣ್ಣ; ಟೈಟ್ಸ್, ಶೂ, ರಿಬ್ಬನ್, ಇಲಾಸ್ಟಿಕ್ ಎಲ್ಲಕ್ಕೂ ಒಂದೇ ಬಣ್ಣ" ಎಂದರೆ ಸಾಕು. ಯಾವ ಮಗುವಿಗೆ ಯಾವ ಬಣ್ಣ ಎಂದು ನೀವು ನಿರ್ಧರಿಸಲು ಹೋಗಬೇಡಿ. ಬಣ್ಣದ ಪಟ್ಟಿ ಹಿಡಿದು ಮಕ್ಕಳ ತೋಳಿನ ಪಕ್ಕ ಇಟ್ಟು ನೋಡುವ ಶಾಲೆಗೆ ಹಳೆಯ ಗುಲಾಬಿಯೇ ವಾಸಿ. ಮಗುವೂ ಮನೆಯವರೂ ಆರಿಸಲಿ. ಗುಲಾಬಿಯೇ ಬೇಕು ಎಂದರೆ ಅದೂ ಸರಿ.

ಶಾರ್ಟ್ಸ್ ವಿಷಯಕ್ಕೆ ಜಾಸ್ತಿ ಯೋಚಿಸಬೇಕಾಗಿಲ್ಲ. ಮೈಗಂಟುವ ಗಿಡ್ಡ ಕಪ್ಪು ಶಾರ್ಟ್ಸ್ ಹಾಕಿದರೂ ಮಂಡಿ ಕಾಣುತ್ತದೆ, ಸೊಂಟದ ಚಲನೆಯೂ ಕಾಣುತ್ತದೆ. "ಮುಟ್ಟಿನ ದಿನಗಳಲ್ಲಿ ಕೇಳಿ ಹಾಕಿಕೊಳ್ಳಬಹುದು" ಎಂದು ಮಾತ್ರ ಬರೆಯಬೇಡಿ. ಆಗ ಶಾರ್ಟ್ಸ್ ಹಾಕಿದವಳನ್ನು ಕಂಡ ಕೂಡಲೇ ಇಡೀ ತರಗತಿಗೆ ವಿಷಯ ಗೊತ್ತಾಗುತ್ತದೆ. ಯಾರು ಬೇಕಾದರೂ, ಯಾವತ್ತು ಬೇಕಾದರೂ, ಕಾರಣ ಹೇಳದೆ ಹಾಕಿಕೊಳ್ಳಲಿ. ನಾಲ್ಕು ಕಡೆ ಕನ್ನಡಿ ಇರುವ ಕೋಣೆ ಅದು. ಆ ವಯಸ್ಸಿನಲ್ಲಿ ಅಲ್ಲಿ ನಿಂತು ತನ್ನ ಮೈ ನೋಡಿಕೊಳ್ಳುವುದು ಎಷ್ಟು ಕಷ್ಟ ಎಂದು ನನಗಿಂತ ನಿಮಗೆ ಗೊತ್ತು.

ಕೂದಲಿಗೂ ಅದೇ ಪ್ರಶ್ನೆ ಕೇಳಿ. ಒಂಟಿ ಕಾಲಿನ ಮೇಲೆ ಗಿರಕಿ ಹೊಡೆಯುವ ಪಿರುವೆಟ್‌ನಲ್ಲಿ ತಲೆ ಕೊನೆಗೆ ಹೊರಟು ಮೊದಲು ಬಂದು ನಿಲ್ಲಬೇಕು, ಆಗ ಸಡಿಲ ಕೂದಲು ಚಾಟಿಯ ಹಾಗೆ ಕಣ್ಣಿಗೆ ಬಡಿಯುತ್ತದೆ. ಕತ್ತಿನ ಗೆರೆಯೂ ಕಾಣಬೇಕು. ಹಾಗಾಗಿ "ಮುಖ, ಕತ್ತು ಕಾಣುವಂತೆ, ಕುಣಿದರೂ ಬಿಚ್ಚದಂತೆ ಕಟ್ಟಿರಬೇಕು" ಎಂಬ ನಿಯಮ ಸಾಕು. ಉದ್ದ ಕೂದಲಿನ ಹುಡುಗ ತುರುಬು ಕಟ್ಟಲಿ. ಗುಂಗುರು ಕೂದಲಿನವಳು ಸಣ್ಣ ಸಣ್ಣ ಜಡೆ ಹೆಣೆದು ಒತ್ತಿ ಕಟ್ಟಲಿ. ಗಿಡ್ಡ ಕೂದಲಿಗೆ ಒಂದು ಬ್ಯಾಂಡ್. ಒಡವೆಗೆ ಮಾತ್ರ ರಿಯಾಯಿತಿ ಬೇಡ. ಜೋಡಿ ನೃತ್ಯದಲ್ಲಿ ಬೆರಳು ಓಲೆಗೆ ಸಿಕ್ಕಿದರೆ ಕಿವಿಯೇ ಹರಿಯುತ್ತದೆ.

ಹುಡುಗರ ಯೂನಿಫಾರ್ಮ್, ಹುಡುಗಿಯರ ಯೂನಿಫಾರ್ಮ್ ಎಂದು ಎರಡು ಪಟ್ಟಿ ಬೇಕಾ ಎಂದೂ ಕೇಳಿದ್ದೀರಿ. ಲಿಯೊಟಾರ್ಡ್‌ಗೆ ಹೆಸರು ಬಂದದ್ದು ಜೂಲ್ ಲಿಯೊಟಾರ್ಡ್ ಎಂಬ 19ನೇ ಶತಮಾನದ ಫ್ರೆಂಚ್ ಟ್ರಪೀಜ್ ಕಲಾವಿದನಿಂದ. ಉಯ್ಯಾಲೆಯಿಂದ ಉಯ್ಯಾಲೆಗೆ ಹಾರುತ್ತಿದ್ದ ಗಂಡಸು ಅವನು! ಒಂದೇ ಪಟ್ಟಿ ಇಟ್ಟು, ಅದರಲ್ಲಿ ಆರಿಸಿಕೊಳ್ಳಲು ಬಿಡಿ.

ನಿಮ್ಮ ಹಿರಿಯ ಶಿಕ್ಷಕಿಯ ಬಗ್ಗೆ. ಸಂಪ್ರದಾಯ ಎನ್ನುತ್ತಾರೆ ಅವರು. 18ನೇ ಶತಮಾನದಲ್ಲಿ ಪ್ಯಾರಿಸ್ಸಿನ ಮಾರಿ ಕಮಾರ್ಗೊ ತನ್ನ ಪಾದದ ಕೆಲಸ ಜನಕ್ಕೆ ಕಾಣಲಿ ಎಂದು ಲಂಗವನ್ನೇ ಗಿಡ್ಡ ಮಾಡಿಕೊಂಡಳು. ನೃತ್ಯಕ್ಕೆ ಬೇಕಾದಾಗ ಬಟ್ಟೆ ಬದಲಿಸುವುದೂ ಅದೇ ಸಂಪ್ರದಾಯದಲ್ಲಿದೆ. ಆದರೆ ಅವರ ಭಯವನ್ನು ಸುಮ್ನೆ ತಳ್ಳಿಹಾಕಬೇಡಿ. ಒಬ್ಬ ಶಿಕ್ಷಕಿ ಬಿಟ್ಟದ್ದನ್ನು ಇನ್ನೊಬ್ಬರು ಹಿಡಿದರೆ ಶಿಸ್ತು ನಿಜವಾಗಿಯೂ ಹೋಗುತ್ತದೆ. ಅದಕ್ಕೇ ಹೊಸ ನಿಯಮ ಒಂದು ಪುಟದಲ್ಲಿರಲಿ, ಯಾವ ದಿನದಿಂದ ಎಂದು ಬರೆದಿರಲಿ, ಪ್ರತಿ ನಿಯಮದ ಪಕ್ಕ ಕಾರಣವೂ ಇರಲಿ. ಕಾರಣಗಳನ್ನು ಅವರ ಕೈಯಲ್ಲೇ ಬರೆಸಿ. ಮಂಡಿ, ಸೊಂಟದ ವಿಷಯ ಅವರಷ್ಟು ಚೆನ್ನಾಗಿ ಯಾರು ಬರೆಯುತ್ತಾರೆ? ಇಂಥ ಕಂಪನಿಯದೇ ಬಟ್ಟೆ ಬೇಕು ಎಂದು ಹೆಸರು ಹಾಕಬೇಡಿ. ಈಗಾಗಲೇ ಕೊಂಡದ್ದು ಗಿಡ್ಡವಾಗುವವರೆಗೆ ನಡೆಯಲಿ. ಬಟ್ಟೆ ಸರಿಯಿಲ್ಲದಿದ್ದರೆ ತರಗತಿ ಮುಗಿದ ಮೇಲೆ, ಮನೆಯವರಿಗೆ ಹೇಳಿ. ಮಗುವನ್ನು ಹೊರಗೆ ಕೂರಿಸುವುದು ಬೇಡ.

ಆ ಒಂದು ಪುಟ ಸಿದ್ಧವಾಗಲು ಮುಂದಿನ ಟರ್ಮ್ ಬರಬಹುದು. ಹೊರಗೆ ಕೂತಿದ್ದ ಹುಡುಗಿಯನ್ನು ಮಾತ್ರ ಅಲ್ಲಿಯವರೆಗೆ ಕಾಯಿಸಬೇಡಿ. ಮುಂದಿನ ತರಗತಿಗೆ ಅದೇ ಕಂದು ಟೈಟ್ಸ್ ಹಾಕಿಕೊಂಡು ಬಾ ಎಂದು ನೀವೇ ಹೇಳಿ. ಶೂಗೆ ಬಣ್ಣ ಹಚ್ಚಬೇಕಾಗಿದ್ದರೆ, ಹೇಗೆ ಎಂದು ನಿಮ್ಮ ಹಿರಿಯ ಶಿಕ್ಷಕಿ ಪಕ್ಕದಲ್ಲಿ ಕೂತು ತೋರಿಸಿಕೊಡಲಿ.

— ಸಂಪಾದಕ