ಮಗು ಅತ್ತಾಗ ಅಮ್ಮ ಯಾರ ಮುಖ ನೋಡಬೇಕು?

(ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಆ ತಾಯಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

"ಮಗು ತುಂಬಾ ಹಠ ಮಾಡುತ್ತೆ ಮೇಡಂ, ಏನಾದ್ರೂ ದಾರಿ ಹೇಳಿ" ಅಂತ ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದವರು ಈ ತಾಯಿ. ಮೈಸೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಸ. ಮೂವತ್ತರ ಆಸುಪಾಸು. ಮಗನಿಗೆ ಎರಡೂವರೆ ವರ್ಷ. ಊಟ, ಮಾತು, ಆಟ ಅಂತ ಒಂದೊಂದೇ ಕೇಳುತ್ತಾ ಹೋದೆ. ಮಗುವಿನದೆಲ್ಲ ವಯಸ್ಸಿಗೆ ತಕ್ಕ ಹಾಗೇ ಇತ್ತು. ನಿದ್ದೆ ಕೆಟ್ಟಿದ್ದು ಅಮ್ಮನದು. ಕಾರಂಜಿ ಕೆರೆ, ಝೂ ಎಲ್ಲ ಬಿಡಿ, ಬೀದಿ ಕೊನೆಯ ಅಂಗಡಿಗೂ ಮಗುವನ್ನು ಕರೆದುಕೊಂಡು ಹೋಗುವುದನ್ನು ನಿಲ್ಲಿಸಿದ್ದರು. ಮಂಡ್ಯದಲ್ಲಿ ಸ್ವಂತ ತಮ್ಮನ ಗೃಹಪ್ರವೇಶಕ್ಕೂ ಗಂಡನನ್ನು ಮಾತ್ರ ಕಳಿಸಿದ್ದರು.

ಯಾವಾಗಿಂದ ಹೀಗೆ ಅಂದಾಗ ರೈಲಿನ ವಿಷಯ ಹೊರಬಂತು. ಬೆಂಗಳೂರಿನಿಂದ ವಾಪಸ್ ಬರುತ್ತಿದ್ದರು. ಐದು ವರ್ಷದೊಳಗಿನ ಮಕ್ಕಳಿಗೆ ರೈಲಿನಲ್ಲಿ ಟಿಕೆಟ್ ಬೇಡ, ಆದರೆ ಸೀಟೂ ಇರುವುದಿಲ್ಲ. ಹಾಗಾಗಿ ಮಗು ಅಷ್ಟೂ ಹೊತ್ತು ತೊಡೆಯ ಮೇಲೆ. ಚನ್ನಪಟ್ಟಣ ದಾಟಿದ ಮೇಲೆ ಮದ್ದೂರು ವಡೆ ಬಂತು. ಬಿಸಿ ಇದೆ ಅಂತ ಇವರು ಮುರಿದು ಅರ್ಧ ಕೊಟ್ಟರು. ಅಷ್ಟೇ, ಶುರುವಾಯಿತು. ಮುರಿದ ವಡೆ ಬೇಡ, ಇಡೀ ವಡೆ ಬೇಕು. ಇನ್ನೊಂದು ತೆಗೆದುಕೊಟ್ಟರೆ ಅದೂ ಬೇಡ, ಮೊದಲಿನದನ್ನೇ ಸರಿ ಮಾಡಿಕೊಡು!

ಎದುರು ಸೀಟಿನವರು "ಮಗೂನ ಸ್ವಲ್ಪ ಸುಮ್ನಿರಿಸ್ರೀ" ಅಂದರು. ಅಷ್ಟು ಹೊತ್ತೂ ಆ ಮನುಷ್ಯ ಇಯರ್‌ಫೋನ್ ಇಲ್ಲದೆ ರೀಲ್ಸ್ ನೋಡುತ್ತಿದ್ದರಂತೆ, ಅದಕ್ಕೆ ಬೋಗಿಯಲ್ಲಿ ಯಾರೂ ಚಕಾರ ಎತ್ತಿರಲಿಲ್ಲ. ಪಕ್ಕದ ಹಿರಿಯ ಹೆಂಗಸೊಬ್ಬರು "ನಮ್ಮ ಕಾಲದಲ್ಲಿ ಕಣ್ಣು ಬಿಟ್ಟರೆ ಸಾಕಿತ್ತು" ಅಂದರು. ಗಂಡ ಕಿಟಕಿ ಕಡೆ ತಿರುಗಿದರು. ಇವರು ಮಗುವನ್ನೆತ್ತಿಕೊಂಡು ಬಾಗಿಲ ಹತ್ತಿರದ ಬೇಸಿನ್ ಬಳಿ ಹೋಗಿ, ತೊಡೆಯನ್ನು ಜೋರಾಗಿ ಚಿವುಟಿದರು. ಮಗು ತಕ್ಷಣ ಸುಮ್ಮನಾಯಿತು.

"ಅದು ನನ್ನ ಮುಖ ನೋಡಿದ ರೀತಿ ಮರೆಯೋಕಾಗ್ತಿಲ್ಲ ಮೇಡಂ" ಅಂದರು. ಇದನ್ನು ಗಂಡನಿಗೂ ಹೇಳಿರಲಿಲ್ಲ.

ನಾನು ಹೇಳಿದ್ದು ಇಷ್ಟು. ಒಂದೂವರೆಯಿಂದ ನಾಲ್ಕು ವರ್ಷದವರೆಗೆ ಇಂಥ ರಂಪ ಮಾಮೂಲು. ಆಸೆಯನ್ನು ತಡೆದುಕೊಳ್ಳುವ ಮಿದುಳಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತು ವರ್ಷ ದಾಟಿದ ಮೇಲೆಯೇ. ಎರಡೂವರೆಯ ಮಗುವಿಗೆ ಅದು ಇರಲಿ ಅಂತ ಬಯಸುವುದು ಬಿತ್ತಿದ ಮರುದಿನವೇ ಗದ್ದೆಗೆ ಕುಡುಗೋಲು ಹಿಡಿದು ಹೋದ ಹಾಗೆ. ಚಿವುಟಿದಾಗ ಮಗು ಹೆದರಿ ಬಾಯಿ ಮುಚ್ಚಿತು, ಏನನ್ನೂ ಕಲಿಯಲಿಲ್ಲ. ಅದಕ್ಕೆ ನೇರವಾಗಿ "ಅಮ್ಮ ಅವತ್ತು ಚಿವುಟಿದ್ದು ತಪ್ಪು, ಇನ್ನು ಚಿವುಟಲ್ಲ" ಅಂತ ಹೇಳಿ ಅಂದೆ. ಅಷ್ಟು ಚಿಕ್ಕವನಿಗೆ ಅರ್ಥ ಆಗುತ್ತಾ ಅಂದರು. ಮಾತು ಪೂರ್ತಿ ಅರ್ಥ ಆಗದಿದ್ದರೂ ದನಿ ಆಗುತ್ತೆ.

ಆಮೇಲೆ ಒಂದು ಪ್ರಶ್ನೆ ಕೇಳಿದೆ. ಮಗು ಅಳುತ್ತಿದ್ದಾಗ ನೀವು ಯಾರನ್ನು ನೋಡುತ್ತಿದ್ದಿರಿ? ಸ್ವಲ್ಪ ಯೋಚಿಸಿ, "ಎದುರಿನವರನ್ನ" ಅಂದರು. ಈ ಪ್ರಕರಣದ ಗಂಟು ಇರುವುದೇ ಇಲ್ಲಿ. ನಾಲ್ಕು ಜನರೆದುರು ನಾವು ಮಗುವನ್ನು ಸಮಾಧಾನ ಮಾಡುವುದಿಲ್ಲ, ಜನರನ್ನು ಸಮಾಧಾನ ಮಾಡುತ್ತೇವೆ, ಅದಕ್ಕೆ ಮಗುವಿನ ತೊಡೆ ಬಳಕೆಯಾಗುತ್ತದೆ. ಜನರಿಗೆ ಒಂದೇ ಮಾತು ಸಾಕು: "ಇನ್ನೂ ಚಿಕ್ಕವನು, ಸ್ವಲ್ಪ ಸಹಿಸ್ಕೊಳ್ಳಿ." ಆಮೇಲೆ ಅವರ ಕಡೆ ನೋಡಬೇಡಿ. ಮಗುವಿನ ಎತ್ತರಕ್ಕೆ ಬಗ್ಗಿ, "ವಡೆ ಮುರಿದೋಯ್ತು, ಬೇಜಾರಾಯ್ತಾ" ಅಂತ ಕಡಿಮೆ ಮಾತಿನಲ್ಲಿ ಹೇಳಿ, ಹತ್ತಿರ ಹಿಡಿದುಕೊಳ್ಳಿ. ನಿಮಗೇ ಕೈ ಎತ್ತುವಷ್ಟು ಸಿಟ್ಟು ಬಂದರೆ ಮಗುವನ್ನು ಗಂಡನ ಕೈಗೆ ಕೊಡಿ.

ಎಲ್ಲ ಕಡೆ ಎಲ್ಲರೂ ಸಹಿಸಬೇಕು ಅಂತ ನಾನು ಹೇಳಲಿಲ್ಲ. ಕಲಾಮಂದಿರದಲ್ಲಿ ನಾಟಕ ನಡೆಯುವಾಗ, ಆಸ್ಪತ್ರೆ ವಾರ್ಡಿನಲ್ಲಿ ಮಗು ಕಿರುಚಿದರೆ ತಕ್ಷಣ ಎತ್ತಿಕೊಂಡು ಆಚೆ ಬರಬೇಕು, ಮೊದಲೇ ಬಾಗಿಲ ಹತ್ತಿರ ಕೂತಿದ್ದರೆ ಇನ್ನೂ ಒಳ್ಳೆಯದು. ಆದರೆ ರೈಲು, ಬಸ್ಸು, ಪಾರ್ಕು, ಹೋಟೆಲು ಮಗುವಿನದ್ದೂ ಹೌದು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದು ಅಂತ 2000ನೇ ಇಸವಿಯಿಂದಲೇ ನಿಯಮ ಇದೆ, ಅದನ್ನು ಮುರಿದವರನ್ನು ಹಬ್ಬ ಅಂತ ಸಹಿಸುತ್ತೇವೆ. ಹತ್ತು ನಿಮಿಷ ಅತ್ತ ಮಗು ಮಾತ್ರ ನಮಗೆ ತಡೆಯುವುದಿಲ್ಲ, ಅಲ್ವಾ?

ಅಭ್ಯಾಸಕ್ಕೆ ಸಿಟಿ ಬಸ್ಸು ಸೂಚಿಸಿದೆ. 2023ರ ಜೂನ್‌ನಿಂದ ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ, ಆದ್ದರಿಂದ ಮಗು ರಚ್ಚೆ ಹಿಡಿದರೆ ಮುಂದಿನ ಸ್ಟಾಪಿನಲ್ಲೇ ಇಳಿದರೂ ದುಡ್ಡು ದಂಡ ಅಲ್ಲ. ರಶ್ ಇಲ್ಲದ ಹೊತ್ತು ಹೋಗಿ, ಮಗುವಿನ ಹೊಟ್ಟೆ ತುಂಬಿರಲಿ, ನಿದ್ದೆಯ ಹೊತ್ತು ಬೇಡ. ರೈಲಿಗೆ, ಕೈಲಾದರೆ ಪೂರ್ತಿ ಚಾರ್ಜು ಕೊಟ್ಟು ಮಗುವಿಗೂ ಸೀಟು ಮಾಡಿಸಿ.

ಮುಂದಿನ ಸಲ ಗಂಡನೂ ಬಂದರು. ಒಳ್ಳೆಯ ಮನುಷ್ಯ, ಮಗು ಅತ್ತ ಕೂಡಲೇ ಮೊಬೈಲ್ ಕೊಡುವುದೇ ತಮ್ಮ ಪಾಲಿನ ಕೆಲಸ ಅಂದುಕೊಂಡಿದ್ದರು. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ ಅಂತ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ. ಇನ್ನು ಮೇಲೆ ಹೊರಗೆ ಹೋದಾಗ ಜನರ ಮಾತಿಗೆ ನೀವು ಉತ್ತರ ಕೊಡಿ, ಅವರು ಮಗುವನ್ನು ನೋಡಿಕೊಳ್ಳಲಿ ಅಂದೆ. ಆಕೆಗೆ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಿ, ರಾತ್ರಿ ಹೊತ್ತು ಮನಸ್ಸು ತೀರಾ ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಅಂತಲೂ ಹೇಳಿದೆ.

ಇನ್ನೊಂದು ತೊಡಕು ಕೆಳಗಿನ ಮನೆಯ ರಿಟೈರ್ಡ್ ಮೇಷ್ಟ್ರು. ಮಗು ದಡದಡ ಓಡುತ್ತೆ ಅಂತ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಬರೆಯುತ್ತಿದ್ದರು. ಅಲ್ಲಿ ಉತ್ತರ ಕೊಡಬೇಡಿ, ಮಗುವನ್ನೂ ಕರೆದುಕೊಂಡು ಮನೆಗೇ ಹೋಗಿ ಅಂದೆ. ಹೋದರು. ಅವರಿಗೆ ಬೇಕಿದ್ದದ್ದು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಿದ್ದೆ, ಅಷ್ಟೇ. ಹಾಲಿಗೆ ದಪ್ಪ ಜಮಖಾನ ಬಂತು, ಆ ಎರಡು ಗಂಟೆ ಮಗು ರೂಮಿನಲ್ಲಿ. ಮೇಷ್ಟ್ರಿಗೆ ಪೂರ್ತಿ ಸಮಾಧಾನ ಆಗಿಲ್ಲ. ಆದರೆ ಈಗ ಗ್ರೂಪಿನಲ್ಲಿ ಬರೆಯುವುದಿಲ್ಲ, ಶಬ್ದ ಆದರೆ ನೇರ ಫೋನ್ ಮಾಡಿ "ನಿಮ್ಮ ಹುಡುಗ ಎದ್ದನೇನಮ್ಮ" ಅಂತಾರಂತೆ.