ಮಾವನ ಹೆಸರಿನ ತೋಟ ಯಾರದ್ದು?

ನೀವು ತುಮಕೂರಿನ ಕಡೆಯವರು. "ಜಾಗ ಸೋದರಮಾವನ ಹೆಸರಿನಲ್ಲಿದೆ, ಅವರಿಗೆ ಹೆಂಡತಿ ಮಕ್ಕಳಿದ್ದಾರೆ. ಮತ್ತೆ ಅಕ್ಕತಂಗಿಯರ ಮಕ್ಕಳು ಪಾಲು ಕೇಳುವುದು ಆಸೆಬುರುಕತನ ಅಲ್ವಾ?" ಎಂದು ಕೇಳಿದಿರಿ. ನಿಮ್ಮ ಊರಲ್ಲಿ ಹಾಗೆ ಕಾಣುವುದು ಸಹಜ. ಕಾಸರಗೋಡಿನಲ್ಲಿ ಅದು ಅಷ್ಟು ಸುಲಭದ ಪ್ರಶ್ನೆಯಲ್ಲ. ನಮ್ಮ ಮನೆಯಲ್ಲೇ ಈ ಜಗಳ ಇರುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಇಲ್ಲಿ ಎರಡು ಕಟ್ಟುಗಳಿವೆ, ಅಂದರೆ ಆಸ್ತಿ ಇಳಿಯುವ ಎರಡು ಕ್ರಮಗಳು. ಹವ್ಯಕರಂಥವರದ್ದು ಮಕ್ಕಳಕಟ್ಟು. ತಂದೆಯ ಆಸ್ತಿ ಮಕ್ಕಳಿಗೆ, ನಿಮ್ಮ ಹಾಗೆಯೇ. ಬಂಟರು, ಬಿಲ್ಲವರು ಮೊದಲಾದವರದ್ದು ಅಳಿಯಕಟ್ಟು, ಪುಸ್ತಕದ ಭಾಷೆಯಲ್ಲಿ ಅಳಿಯಸಂತಾನ. ಇಲ್ಲಿ ಅಳಿಯ ಅಂದರೆ ಮಗಳ ಗಂಡ ಅಲ್ಲ, ಅಕ್ಕತಂಗಿಯರ ಮಗ. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ. ಒಬ್ಬ ತಾಯಿ ಮತ್ತು ಅವಳ ಹೆಣ್ಣುಸಂತತಿಯಿಂದ ಬೆಳೆದ ಗುಂಪಿಗೆ ಕವರು ಎನ್ನುತ್ತೇವೆ. ಎಲ್ಲ ಕವರುಗಳೂ ಸೇರಿದ್ದು ತರವಾಡು. ನೋಡಿಕೊಳ್ಳುವವನು ಯಜಮಾನ, ಅಂದರೆ ಸಾಮಾನ್ಯವಾಗಿ ಹಿರಿಯ ಸೋದರಮಾವ. ತುಳುವಿನಲ್ಲಿ ನಾವು ಅವರನ್ನು ತಮ್ಮಲೆ ಎಂದು ಕರೆಯುವುದು. ಯಜಮಾನ ನೋಡಿಕೊಳ್ಳುತ್ತಾನೆ, ಜಾಗ ಅವನದ್ದಲ್ಲ. ಈ ಒಂದು ಮಾತು ಮರೆತದ್ದರಿಂದಲೇ ಅರ್ಧ ಜಗಳ ಹುಟ್ಟಿವೆ.

ನಮ್ಮ ಮನೆಯ ಕಥೆ ಕೇಳಿ. ಅಜ್ಜಿಯ ಕಾಲದಲ್ಲಿ ತರವಾಡು ಒಬ್ಬ ಧನಿಗಳ ಗದ್ದೆಯನ್ನು ಚಾಲಗೇಣಿಗೆ, ಅಂದರೆ ಧನಿ ಬೇಡ ಅಂದರೆ ಬಿಡಬೇಕಾದ ಗೇಣಿಗೆ, ಮಾಡುತ್ತಿತ್ತು. ಗೇಣಿ ಅಕ್ಕಿಯನ್ನು ಬೈಹುಲ್ಲಿನ ಮುಡಿ ಕಟ್ಟಿ ಕೊಡುವುದು. ನಾಟಿ, ಕೊಯ್ಲು ಎಲ್ಲ ಅಜ್ಜಿ, ದೊಡ್ಡಮ್ಮಂದಿರು, ನನ್ನಮ್ಮ ಸೇರಿ ಮಾಡಿದ್ದು. ಕೇರಳದ ಭೂಸುಧಾರಣೆ 1970ರ ಜನವರಿ 1ರಿಂದ ಗೇಣಿ ಪದ್ಧತಿಯನ್ನು ನಿಲ್ಲಿಸಿತು. ಒಕ್ಕಲು ಅರ್ಜಿ ಹಾಕಿದರೆ ಜಾಗ ಅವನದ್ದೇ. ಅರ್ಜಿ ಹಾಕಿದ್ದು ಯಾರು? ಮಾವ. ಪೇಟೆಗೆ, ಕಚೇರಿಗೆ ಹೋಗುವುದು ಅವರೇ ಆಗಿತ್ತು. ಭೂ ಟ್ರಿಬ್ಯೂನಲ್‌ನಿಂದ ಕ್ರಯ ಸರ್ಟಿಫಿಕೇಟು ಅವರೊಬ್ಬರ ಹೆಸರಿಗೆ ಬಂತು. ಆಗ ಯಾರೂ ತಕರಾರು ಮಾಡಲಿಲ್ಲ. ಮಾವನ ಹೆಸರು ಅಂದರೆ ಮನೆಯ ಹೆಸರು ಎಂದೇ ಎಲ್ಲರೂ ತಿಳಿದಿದ್ದರು.

ಮಾವ ಆ ಗದ್ದೆಯನ್ನು ಅಡಿಕೆ ತೋಟ ಮಾಡಿದರು. ಅತ್ತೆ ಬೇಸಿಗೆಯಲ್ಲಿ, ನೀರಿಗಾಗಿ ಗುಡ್ಡದೊಳಗೆ ಅಡ್ಡ ಕೊರೆದ ಸುರಂಗದ ನೀರು ಹೊತ್ತು ಸಸಿಗಳನ್ನು ಉಳಿಸಿದ್ದನ್ನು ನಾನು ಚಿಕ್ಕಂದಿನಲ್ಲಿ ಕಣ್ಣಾರೆ ನೋಡಿದ್ದೇನೆ. ಮಾವ ತೀರಿಕೊಂಡ ಮೇಲೆ ಅವರ ಮಕ್ಕಳು ಪೋಕುವರವು ಮಾಡಿಸಿ, ಕರ ಕಟ್ಟಲು ಶುರುಮಾಡಿದರು. ನಿಮ್ಮಲ್ಲಿ ಖಾತೆ ಬದಲಾವಣೆ ಅನ್ನುತ್ತೀರಲ್ಲ, ಅದೇ. ಅವರ ಪ್ರಕಾರ ಸರ್ಟಿಫಿಕೇಟು ಅಪ್ಪನದ್ದು, ದುಡಿಮೆ ಅಪ್ಪ ಅಮ್ಮನದ್ದು, ಜಾಗ ನಮ್ಮದು. ನಮ್ಮ ಕಡೆಯವರ ಪ್ರಕಾರ ಗೇಣಿ ಕೊಟ್ಟದ್ದು ತರವಾಡು, ಜಾಗವೂ ತರವಾಡಿನದ್ದು. ಎರಡೂ ಸುಳ್ಳಲ್ಲ. ಕರ ಕಟ್ಟಿದ ರಶೀದಿಯೊಂದೇ ಹಕ್ಕಿನ ಪುರಾವೆ ಆಗುವುದಿಲ್ಲ. ಹಾಗಂತ ಅತ್ತೆಯ ಬೆವರಿಗೆ ಬೆಲೆ ಇಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನು ಕಾನೂನು. ಅಳಿಯಕಟ್ಟಿನ ಪಾಲುಪಟ್ಟಿಗೆ ಮದ್ರಾಸ್ ಸರ್ಕಾರದ 1949ರ ಕಾಯ್ದೆ ದಾರಿ ಮಾಡಿತು. ಅದಕ್ಕೆ ಮೊದಲು ಎಲ್ಲರೂ ಒಪ್ಪದೆ ಪಾಲಾಗುತ್ತಿರಲಿಲ್ಲ. 1956 ನಮಗೆ ಎರಡು ಪೆಟ್ಟಿನ ವರ್ಷ. ಜೂನ್‌ನಲ್ಲಿ ಹಿಂದೂ ವಾರಸಾ ಕಾಯ್ದೆ ಬಂತು. ಆಮೇಲೆ ತೀರಿಕೊಂಡ ಗಂಡಸಿನ ಪಾಲು, ವೀಲುನಾಮೆ ಇಲ್ಲದಿದ್ದರೆ, ತಾಯಿ, ಹೆಂಡತಿ, ಮಕ್ಕಳಿಗೆ. ನವೆಂಬರ್ 1ಕ್ಕೆ ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಕೇರಳ 1975ರಲ್ಲಿ ಕೂಡುಕುಟುಂಬವನ್ನೇ ರದ್ದು ಮಾಡುವ ಕಾಯ್ದೆ ತಂದಿತು. ಅದು ಜಾರಿಯಾದದ್ದು 1976ರ ಡಿಸೆಂಬರ್ 1ಕ್ಕೆ. ಅಂದು ತರವಾಡಿನಲ್ಲಿ ಜೀವಂತ ಇದ್ದವರಿಗೆಲ್ಲ ತಲೆಗೊಂದು ಪಾಲು. ತೊಟ್ಟಿಲ ಮಗುವಿಗೂ ಒಂದು, ಅಜ್ಜಿಗೂ ಒಂದು.

ನಾನು ಹುಟ್ಟಿದ್ದು 1974ರಲ್ಲಿ, ತಂಗಿ 1978ರಲ್ಲಿ. ನನಗೆ ಹುಟ್ಟಿನಿಂದಲೇ ಪಾಲಿದೆ, ಅವಳಿಗಿಲ್ಲ. ಅವಳಿಗೆ ಏನಿದ್ದರೂ ಅಮ್ಮನ ಪಾಲಿನಿಂದ ಬರಬೇಕು. ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಮನೆಯಲ್ಲಿ ಹೆಣ್ಣುಮಗುವಿಗೆ ಪಾಲು ತಪ್ಪಿತು! ತಲಪಾಡಿ ದಾಟಿದರೆ ಕರ್ನಾಟಕ. ಅಲ್ಲಿ ಇಂಥ ಕಾಯ್ದೆ ಬರಲಿಲ್ಲ, ಹಳೆಯ ಕವರಿನ ಲೆಕ್ಕ ಇನ್ನೂ ಎದುರಾಗುತ್ತದೆ. ಒಂದೇ ತರವಾಡಿನ ಜಾಗ ಗಡಿಯ ಆಚೆಗೂ ಈಚೆಗೂ ಇದ್ದರೆ ಎರಡು ಲೆಕ್ಕ ಹಾಕಬೇಕು.

ಕಾಗದಪತ್ರದ ಪಾಡು ಇನ್ನೊಂದು. ನಮ್ಮ ಹಳೆಯ ಆಧಾರಗಳು, ನೀವು ಕ್ರಯಪತ್ರ, ಪಾಲುಪತ್ರ ಅನ್ನುವಂಥವು, ಎಲ್ಲ ಕನ್ನಡದಲ್ಲಿವೆ. ಅದೂ ಒಂದಕ್ಕೊಂದು ಹೆಣೆದ ಹಳೆಯ ಕೈಬರಹ. ಹೊಸತೆಲ್ಲ ಹೆಚ್ಚಾಗಿ ಮಲಯಾಳದಲ್ಲಿ. ಮಾವನ ಮೊಮ್ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ನಮ್ಮ ದೊಡ್ಡಮ್ಮನಿಗೆ ಮಲಯಾಳ ಬರುವುದಿಲ್ಲ. ಒಮ್ಮೆ ಎಲ್ಲರೂ ಚಾವಡಿಯಲ್ಲಿ ಕೂತಾಗ ತಂಗಿ ಹಳೆಯ ಗೇಣಿ ಚೀಟನ್ನು ಜೋರಾಗಿ ಓದಿದಳು. ಮಾವನ ಮಗಳು ಅದನ್ನು ತನ್ನ ಮಕ್ಕಳಿಗೆ ಮಲಯಾಳದಲ್ಲಿ ಹೇಳುತ್ತಾ ಹೋದಳು. ಅಜ್ಜಿಯ ಹೆಸರು ಬಂದಾಗ ಅವಳೂ ಅತ್ತಳು. ಅಂದು ಯಾರೂ ಜಗಳ ಮಾಡಲಿಲ್ಲ.

ತರವಾಡು ಮನೆ, ದೈವದ ಗುಡಿ, ನಾಗಬನ, ಇವನ್ನು ಯಾರೂ ಪಾಲಿಗೆ ಕೇಳಿಲ್ಲ. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಅವನ್ನು ಹಾಗೆಯೇ ಬಿಡುತ್ತಾರೆ. ದೈವಕ್ಕೂ ನಾಗನಿಗೂ ಕೊಡುವ ವರ್ಷದ ತಂಬಿಲ ಸೇವೆಗೆ ಎರಡೂ ಕಡೆಯವರು ಬಂದು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ನನ್ನ ಅಭಿಪ್ರಾಯ ಕೇಳಿದರೆ, ಜಾಗ ತರವಾಡಿನದ್ದು. ತೋಟ ಮಾಡಿದ ದುಡಿಮೆಗೆ ಅತ್ತೆಗೂ ಮಕ್ಕಳಿಗೂ ಮೊದಲು ಒಂದು ಒಳ್ಳೆಯ ಭಾಗ ತೆಗೆದಿಟ್ಟು, ಉಳಿದದ್ದನ್ನು ಹಂಚಬೇಕು. ತಂಗಿಗೂ ಕೊಡಬೇಕು, ಕಾಯ್ದೆ ಏನೇ ಹೇಳಲಿ. ನನ್ನ ಪಾಲಿನಲ್ಲಿ ಅರ್ಧ ಅವಳಿಗೆ ಬರೆದುಕೊಡುವುದಾಗಿ ಎಲ್ಲರ ಎದುರು ಹೇಳಿದ್ದೇನೆ. ಅತ್ತೆ ಈಗಲೂ ತೋಟದ ಮನೆಯಲ್ಲೇ ಇದ್ದಾರೆ. ಕಳೆದ ತಿಂಗಳು ಹೋದಾಗ ಮಾತು ಜಾಸ್ತಿ ಆಡಲಿಲ್ಲ. ಹೊರಡುವಾಗ ಮಾತ್ರ ಒಂದು ಚೀಲ ಅಡಿಕೆ ಕೊಟ್ಟು, "ನಿನ್ನಮ್ಮನಿಗೆ ಕೊಡು, ಅವಳು ನೆಟ್ಟ ಮರದ್ದು" ಅಂದರು.