ಕೋಲಾರದ ಹಳ್ಳಿಯಲ್ಲಿ ನಡೆಯುವ ಸಸ್ಪೆನ್ಸ್ ಕಥೆಗೆ ಭಯ ಎಲ್ಲಿಂದ ತರೋದು?

ಬೆಂಗಳೂರಿನ ಕೆಲಸ ಬಿಟ್ಟು, ಕೋಲಾರದ ಹತ್ತಿರದ ಹುಟ್ಟೂರಲ್ಲಿ ಹೊಸದಾಗಿ ಬದುಕು ಕಟ್ಟೋಕೆ ಬರುವ ಹೆಂಗಸಿನ ಕಥೆ ಬರೀತಿದ್ದೀರಿ. ಪಾಳು ಮನೆ, ರಾತ್ರಿ ಕೇಳುವ ಹೆಜ್ಜೆ ಸಪ್ಪಳ ಇದ್ದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು ಅಂತ ನನಗನಿಸುತ್ತೆ. ಅಂಥ ಕಥೆ ಯಾವ ಊರಲ್ಲಾದರೂ ನಡೆಯುತ್ತೆ. ನಾನು ಈ ಕಡೆಯವನೇ, ನನ್ನನ್ನು ಕೇಳಿದರೆ ನೀರನ್ನು ಹಿಡ್ಕೊಳ್ಳಿ.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಕೆರೆ ಒಣಗಿ, ಬಾವಿ ಬತ್ತಿ, ಸಾವಿರ ಅಡಿ ದಾಟಿ ಬೋರ್ ಕೊರೆಸಿದ ಜನ ನಾವು. 2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ನಮ್ಮ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೊಳಚೆ ನೀರನ್ನೇ ಸಂಸ್ಕರಿಸಿ ಬಿಡೋದು ಅದು. ಒಂದು ಕೆರೆ ತುಂಬಿ ಮುಂದಿನ ಕೆರೆಗೆ ಹರಿಯಿತು. ಸುತ್ತಮುತ್ತ ಅಂತರ್ಜಲ ಏರಿತು. ಬತ್ತಿದ್ದ ತೆರೆದ ಬಾವಿಗಳಲ್ಲೂ ಮತ್ತೆ ನೀರು ಕಂಡಿತು.

ನಿಮ್ಮ ಕಥೆ ಇಲ್ಲಿಂದ ಶುರುವಾಗಲಿ. ಅವಳ ಅಪ್ಪನ ಜಮೀನಲ್ಲಿ ಎಷ್ಟೋ ವರ್ಷದಿಂದ ಒಣಗಿರುವ ಒಂದು ಬಾವಿ. ಪಹಣಿಯಲ್ಲಿ ಇನ್ನೂ ತೀರಿಹೋದ ಅಪ್ಪನ ಹೆಸರು, ಸಾಗುವಳಿ ಮಾತ್ರ ಚಿಕ್ಕಪ್ಪನದು. ಅವಳು ಬಂದ ವಾರವೇ ಚಿಕ್ಕಪ್ಪ, "ಯಾರಾದ್ರೂ ಮಕ್ಳು ಬಿದ್ದಾರಮ್ಮ, ಮುಚ್ಚಿಸಿಬಿಡೋಣ. ಜೆಸಿಬಿ ನಾನೇ ಕರೆಸ್ತೀನಿ" ಅಂತಾನೆ. ಎಷ್ಟು ಒಳ್ಳೆಯವರು ಅಂತ ಅವಳಿಗನ್ನಿಸಲಿ. ಆಮೇಲೆ ಕೆರೆಗೆ ನೀರು ಬರುತ್ತೆ, ಬಾವಿಯ ತಳದಲ್ಲಿ ಪಸೆ ಕಾಣುತ್ತೆ. ಹೂಳು ತೆಗೆಸಿದರೆ ರೇಷ್ಮೆ ಹುಳುವಿಗೆ ಸೊಪ್ಪು ಕೊಡೋ ಹಿಪ್ಪುನೇರಳೆ ತೋಟಕ್ಕೆ ನೀರಾಗುತ್ತೆ ಅಂತ ಅವಳ ಲೆಕ್ಕ. ಚಿಕ್ಕಪ್ಪ ದಿನಾ ಬಂದು ಬೇಡ ಅಂತಾನೆ. ಒಂದು ದಿನ ಕೆರೆ ತುಂಬಿ ಕೋಡಿ ಬೀಳುತ್ತೆ. ಅವತ್ತಿಂದ ಅವನು ಆ ಮಾತೇ ಎತ್ತೋದಿಲ್ಲ.

ಯಾಕೆ ಸುಮ್ಮನಾದ? ನೀರು ಏರಿದರೆ ಹೂಳು ತೆಗೆಯೋಕೆ ಆಗಲ್ಲ, ಅಲ್ವಾ? ಬಾವಿಯ ತಳದಲ್ಲಿ ಅವನು ಅಡಗಿಸಿದ್ದು ಅಲ್ಲೇ ಉಳಿಯುತ್ತೆ, ಅವನು ಇನ್ನು ಕಾದರೆ ಸಾಕು. ಇದು ಓದುಗರಿಗೆ ಮೊದಲು ಹೊಳೆಯಲಿ, ಅವಳಿಗೆ ತಡವಾಗಿ.

ಅವಳನ್ನು ಕಟ್ಟಿಹಾಕೋಕೆ ರೇಷ್ಮೆ ಇದೆ. ನಾಲ್ಕನೇ ಜ್ವರದಿಂದ (ಹುಳು ಮೇವು ಬಿಟ್ಟು ಪೊರೆ ಕಳಚೋ ಹೊತ್ತು) ಎದ್ದ ಹುಳು ಹಗಲೂ ರಾತ್ರಿ ಸೊಪ್ಪು ತಿನ್ನುತ್ತೆ, ಮನೆಯೊಳಗೆ ಮಳೆ ಸುರಿದ ಹಾಗೆ ಸದ್ದು. ಹಣ್ಣಾಗಿ ಗೂಡು ಕಟ್ಟೋವರೆಗೆ, ಸುಮಾರು ಒಂದು ವಾರ, ಅವಳು ಎಲ್ಲಿಗೂ ಹೋಗೋ ಹಾಗಿಲ್ಲ. ಸಾಲ ಮಾಡಿ ಹಾಕಿದ ಮೊದಲ ಬೆಳೆ ಅದು. ಬಾವಿಯಲ್ಲಿ ನೀರು ಏರೋದೂ ಅದೇ ವಾರ. ಹುಳು ಉಳಿಸಿಕೊಳ್ಳಬೇಕಾ, ಬಾವಿಗೆ ಆಳು ಇಳಿಸಿ ಹೂಳು ತೆಗೆಸಬೇಕಾ? ಎರಡಕ್ಕೂ ಕೂಲಿಯವರು ಸಿಗೋದಿಲ್ಲ.

ಬಾವಿಯಲ್ಲಿ ಏನಿದೆ ಅನ್ನೋದನ್ನು ನೀವು ಮೊದಲ ಸಾಲು ಬರೆಯೋ ಮುಂಚೆ ತೀರ್ಮಾನ ಮಾಡಿಕೊಳ್ಳಿ. ಆದರೆ ಚಿಕ್ಕಪ್ಪನ ಮುಖದಲ್ಲಿ ಕೇಡು ತೋರಿಸಬೇಡಿ. ಅವಳ ಹುಳುವಿಗೆ ಸೊಪ್ಪು ಸಾಲದಿದ್ದಾಗ ತನ್ನ ತೋಟದಿಂದ ತಂದುಕೊಡೋನೂ ಅವನೇ ಆಗಿರಲಿ.